ಪಟಾಕಿ ಕೇಸು

ನನ್ನ ಗಂಡನಿಗೆ ಸ್ಕೂಲ್ ಬಸ್ ಓಡಿಸಬೇಕೆಂಬ ಆಸೆ ಹುಟ್ಟಿದ್ದು ಕೋವಿಡ್‌ನ ಎರಡನೇ ವರ್ಷ. ಅದಕ್ಕೆ ಮುಂಚೆ ಅವರು ಅಟ್ಲಾಂಟಾದ ಒಂದು ಕಂಪನಿಯಲ್ಲಿ ಬಹಳ ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿಕೊಂಡಿದ್ದವರು. ಲಾಕ್‌ಡೌನ್ ಶುರುವಾದ ಮೇಲೆ ಕಂಪನಿ ಇಡೀ ತಂಡವನ್ನೇ ಕೆಲಸದಿಂದ ತೆಗೆದು ಮನೆಗೆ ಕಳಿಸಿತು. ನಾನು ಅಲ್ಲೇ ಹತ್ತಿರದ ಡುಲುತ್‌ನಲ್ಲಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್‌ನ ಫ್ರಂಟ್ ಡೆಸ್ಕ್ ನೋಡಿಕೊಳ್ಳುತ್ತಿದ್ದೆ, ಮಗಳ ಕಾಲೇಜು ಮುಗಿಯುತ್ತ ಬಂದಿತ್ತು, ಸಂಸಾರಕ್ಕೇನೂ ತೊಂದರೆಯಾಗಲಿಲ್ಲ. ಕಷ್ಟವಾಗಿದ್ದು ಇವರು ಮನೆಯಲ್ಲಿ ಕೂತಿದ್ದು. ಒಂದು ದಿನ ನಾನು ಕ್ಲಿನಿಕ್‌ನಿಂದ ಬರುವಷ್ಟರಲ್ಲಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಜೋಡಿಸಿಟ್ಟಿದ್ದರು. ಸಾಸಿವೆ ಹುಡುಕುವುದರೊಳಗೆ ಒಗ್ಗರಣೆಯ ಎಣ್ಣೆ ಹೊಗೆಯಾಡಿತು.

ಆಮೇಲೊಂದು ಮಧ್ಯಾಹ್ನ ನಾರ್‌ಕ್ರಾಸ್‌ನಿಂದ ದಿನಸಿ ತರುವಾಗ ಹಳದಿ ಬಸ್ಸುಗಳು ಸಾಲಾಗಿ ನಿಂತಿದ್ದ ಅಂಗಳದ ಮುಂದೆ ಕಾರು ನಿಧಾನ ಮಾಡಿದರು. ಡ್ರೈವರ್‌ಗಳು ಬೇಕಾಗಿದ್ದಾರೆ ಎಂಬ ದೊಡ್ಡ ಬೋರ್ಡು ಅಲ್ಲಿತ್ತು.

"ನಾನೂ ಅಪ್ಲೈ ಮಾಡ್ಲಾ?" ಅಂದರು.

"ಯಾತಕ್ಕೆ?"

"ಬಸ್ ಓಡ್ಸಕ್ಕೆ ಕಣೇ. ಟ್ರೈನಿಂಗ್ ಅವ್ರೇ ಕೊಡ್ತಾರಂತೆ ನೋಡು."

ನಾನು ನಕ್ಕೆ. ಅವರು ನಗಲಿಲ್ಲ. ಸ್ಟೀರಿಂಗ್ ಹಿಡಿದರೆ ಸುಸ್ತೇ ಆಗದ ಮನುಷ್ಯ ಅವರು. ಪಕ್ಕದ ರಾಜ್ಯ ಕೆರೊಲೈನಾದ ಗೆಳೆಯರು ಕಾಫಿಗೆ ಕರೆದರೂ ಹೊರಟುಬಿಡುತ್ತಿದ್ದರು. ಮನೆ ಮುಟ್ಟುವ ಹೊತ್ತಿಗೆ ನನಗೂ ಅದೇನು ಕೆಟ್ಟ ಯೋಚನೆಯಲ್ಲ ಅನ್ನಿಸಿತು.

ಅರ್ಜಿ ಹಾಕಿದರು. ಇಂಟರ್‌ವ್ಯೂ ಚೆನ್ನಾಗಿ ಆಯಿತು, ಕಣ್ಣಿನ ಪರೀಕ್ಷೆಯೂ ಆಯಿತು. ಕೆಲವು ದಿನ ಬಿಟ್ಟು ಅಲ್ಲಿಂದ ಫೋನ್ ಬಂತು. ಇವರು "ಯೆಸ್ ಮ್ಯಾಮ್, ಐ ಅಂಡರ್‌ಸ್ಟ್ಯಾಂಡ್" ಅಂತ ಎರಡು ಸಲ ಹೇಳಿ ಫೋನ್ ಇಟ್ಟರು.

"ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಸಿಕ್ತಂತೆ. ಆ ಪಟಾಕಿ ಕೇಸು" ಅಂದರು.

ಆ ಕೇಸು ಆಗಿದ್ದು ಮಗಳು ಎಲಿಮೆಂಟರಿ ಸ್ಕೂಲಿನಲ್ಲಿದ್ದಾಗ. ಆ ಕಾಲಕ್ಕೆ ನಮ್ಮ ಜಾರ್ಜಿಯಾ ರಾಜ್ಯದಲ್ಲಿ ಸುರುಸುರುಬತ್ತಿ ಬಿಟ್ಟು ದೊಡ್ಡ ಪಟಾಕಿ ಹಚ್ಚುವ ಹಾಗಿರಲಿಲ್ಲ. ಗಡಿ ದಾಟಿ ಸೌತ್ ಕೆರೊಲೈನಾಕ್ಕೆ ಹೋದರೆ ಹೈವೇ ಪಕ್ಕದಲ್ಲೇ ಪಟಾಕಿಯ ಭಾರಿ ಅಂಗಡಿಗಳು. ಅಲ್ಲಿನ ಗ್ರೀನ್‌ವಿಲ್‌ನಲ್ಲಿ ಒಬ್ಬರ ಗೃಹಪ್ರವೇಶ ಮುಗಿಸಿ ಬರುವಾಗ ಇವರು ದೀಪಾವಳಿಗೆಂದು ಹೂಕುಂಡ, ರಾಕೆಟ್ ಎಲ್ಲ ಒಂದು ಚೀಲ ತಂದರು. ನಮಗೆ ಗೊತ್ತಿದ್ದವರು ಬಹಳ ಜನ ಹಾಗೇ ತರುತ್ತಿದ್ದರು. ಹಬ್ಬದ ಸಂಜೆ ಮನೆ ಮುಂದೆ ಹಚ್ಚಿದಾಗ ಒಂದು ರಾಕೆಟ್ ಮೇಲಕ್ಕೆ ಹೋಗುವ ಬದಲು ಅಡ್ಡಡ್ಡ ಹಾರಿ ಪಕ್ಕದ ಮನೆಯವರ ಹೂವಿನ ಪಾತಿಗೆ ಬಿತ್ತು. ಇಲ್ಲಿ ಪಾತಿಗಳಿಗೆ ಒಣಗಿದ ಪೈನ್ ಎಲೆ ಹಾಸಿರುತ್ತಾರೆ. ಅದು ಭಗ್ಗನೆ ಹತ್ತಿಕೊಂಡಿತು. ಇವರು ಓಡಿಹೋಗಿ ಪೈಪಿನಲ್ಲಿ ನೀರು ಬಿಟ್ಟು ಆರಿಸಿದರು. ಅಷ್ಟರಲ್ಲಿ ಪಕ್ಕದ ಮನೆಯ ಯಜಮಾನರು ಗಾಬರಿಯಿಂದ ಫೋನ್ ಮಾಡಿಯಾಗಿತ್ತು. ಫೈರ್ ಎಂಜಿನ್ ಬಂತು, ಹಿಂದೆಯೇ ಪೊಲೀಸ್ ಕಾರೂ ಬಂತು.

ಪೊಲೀಸಿನವನು ಮರ್ಯಾದೆಯಾಗೇ ಮಾತಾಡಿದ. ಉಳಿದ ಪಟಾಕಿ ತೆಗೆದುಕೊಂಡು, ಒಂದು ಚೀಟಿ ಕೊಟ್ಟು, ಕೋರ್ಟಿಗೆ ಬರಬೇಕು ಅಂದ. ನಾವು ಅದನ್ನು ಸ್ಪೀಡಿಂಗ್ ಟಿಕೆಟ್ ಥರ ಅಂದುಕೊಂಡೆವು. ಇವರು ವಕೀಲರನ್ನೂ ಇಟ್ಟುಕೊಳ್ಳದೆ ಹೋಗಿ, ತಪ್ಪಾಯಿತೆಂದು ಒಪ್ಪಿಕೊಂಡು, ದಂಡ ಕಟ್ಟಿ ಮನೆಗೆ ಬಂದು ಊಟ ಮಾಡಿದರು. ಮರುದಿನ ಪಕ್ಕದವರ ಪಾತಿಗೆ ತಾವೇ ಹೊಸ ಪೈನ್ ಎಲೆ ತಂದು ಹಾಸಿದರು. ಕೋರ್ಟಿನಲ್ಲಿ ಒಪ್ಪಿಕೊಂಡ ಆ ಒಂದು ಮಾತು ಅಪರಾಧವಾಗಿ ಹೆಸರಿನ ಜೊತೆ ಉಳಿಯುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ.

ಮುಂದೆ ಕೆಲವೇ ವರ್ಷಕ್ಕೆ ರಾಜ್ಯದ ಕಾನೂನೇ ಬದಲಾಯಿತು. ಅಂಗಡಿಗಳ ಪಾರ್ಕಿಂಗ್‌ನಲ್ಲೇ ಡೇರೆ ಹಾಕಿ ಪಟಾಕಿ ಮಾರತೊಡಗಿದರು. ಜುಲೈ ನಾಲ್ಕರ ಸ್ವಾತಂತ್ರ್ಯ ದಿನಕ್ಕೆ ಪಕ್ಕದ ಮನೆಯವರೇ ಕಿಟಕಿ ಗಾಜು ಅದುರುವ ಹಾಗೆ ಹಚ್ಚುತ್ತಿದ್ದರು, ನಮ್ಮನ್ನೂ ಕರೆಯುತ್ತಿದ್ದರು. ಇವರು ಮಾತ್ರ ಒಳಗೆ ಹೋಗಿ ಟಿವಿ ಹಾಕಿಕೊಳ್ಳುತ್ತಿದ್ದರು. ಇವರಿಗೆ ಹೊಗೆ ಆಗಿಬರುವುದಿಲ್ಲವೇನೋ ಅಂದುಕೊಂಡಿದ್ದೆ.

ಬಸ್ಸಿನ ಕೆಲಸ ತಪ್ಪಿದ ವಿಷಯ ಮಗಳಿಗೆ ತಿಳಿದಾಗ ಅವಳು ಲ್ಯಾಪ್‌ಟಾಪ್ ಹಿಡಿದು ಕೂತಳು.

"ಅಪ್ಪಾ, ದೇರ್ಸ್ ಎ ನ್ಯೂ ಲಾ. ಈ ವರ್ಷ ಸ್ಟಾರ್ಟ್ ಆಗಿದೆ. ಯೂ ಕ್ಯಾನ್ ಗೆಟ್ ಇಟ್ ಸೀಲ್ಡ್."

"ಬಿಡಮ್ಮ, ಆಗಿದ್ದಾಯ್ತು. ಮತ್ತೆ ಕೋರ್ಟಿಗೆಲ್ಲ ಯಾರು ಹೋಗ್ತಾರೆ."

"ವೀ ವಿಲ್ ಗೋ" ಅಂದಳು ಅವಳು.

ಚರ್ಚೊಂದರ ಹಾಲ್‌ನಲ್ಲಿ ಶನಿವಾರ ವಕೀಲರು ಉಚಿತವಾಗಿ ಸಲಹೆ ಕೊಡುತ್ತಿದ್ದರು. ಮೂವರೂ ಹೋದೆವು. ನಮಗೆ ಸಿಕ್ಕ ವಕೀಲೆ ನನ್ನದೇ ವಯಸ್ಸಿನವರು, ಮಾಸ್ಕ್ ಹಾಕಿಕೊಂಡಿದ್ದರೂ ನಗು ಕಣ್ಣಿನಲ್ಲಿ ಕಾಣುತ್ತಿತ್ತು. ಸಣ್ಣ ಅಪರಾಧ, ಶಿಕ್ಷೆ ಮುಗಿದು ನಾಲ್ಕು ವರ್ಷ ದಾಟಿದೆ, ಆಮೇಲೆ ಬೇರೇನೂ ಇಲ್ಲ. ಹಾಗಾಗಿ ಹೊಸ ಕಾನೂನಿನಲ್ಲಿ ದಾಖಲೆ ಮುಚ್ಚಿಸಲು ಕೇಳಬಹುದು ಅಂದರು. ಮುಚ್ಚಿದ ಮೇಲೆ ಸಾಧಾರಣವಾಗಿ ಕೆಲಸ ಕೊಡುವವರಿಗೆ ಅದು ಕಾಣುವುದಿಲ್ಲ. ಆದರೆ ಜಡ್ಜ್ ಒಪ್ಪಬೇಕು. ಅದು ಜನರಿಗೆ ಗೊತ್ತಿರುವುದರಿಂದ ಆಗುವ ಉಪಯೋಗ ಹೆಚ್ಚೋ, ಈ ಮನುಷ್ಯನಿಗೆ ಆಗುವ ನಷ್ಟ ಹೆಚ್ಚೋ ಎಂದು ಅವರು ತೂಗಿ ನೋಡುತ್ತಾರೆ.

"ನಿಮಗೆ ಇದರಿಂದ ಏನೇನು ತೊಂದರೆಯಾಗಿದೆ?" ಎಂದು ವಕೀಲೆ ಕೇಳಿದರು.

ಇವರು ಬಸ್ಸಿನ ಕೆಲಸದ ವಿಷಯ ಹೇಳಿದರು. ಇನ್ನೇನಾದರೂ ಇದೆಯಾ ಅಂತ ವಕೀಲೆ ಕೇಳಿದರು. ಆಗ ಇವರು, ಮಗಳ ಕ್ಲಾಸಿನವರ ಜೊತೆ ಮಕ್ಕಳನ್ನು ನೋಡಿಕೊಳ್ಳುವ ಪೋಷಕರಾಗಿ ಅಕ್ವೇರಿಯಮ್‌ಗೆ ಹೋಗಲು ಹೆಸರು ಕೊಟ್ಟಿದ್ದು, ಸ್ಕೂಲಿನವರು ಚೆಕ್ ಮಾಡಿ ಬೇಡ ಅಂದಿದ್ದು, ಮೀಟಿಂಗ್ ಇದೆಯೆಂದು ಮಗಳಿಗೆ ಸುಳ್ಳು ಹೇಳಿದ್ದು, ಅವತ್ತಿನಿಂದ ಚೆಕ್ ಮಾಡುವ ಯಾವ ಕಡೆಗೂ ಹೆಸರು ಕೊಡದೆ ಉಳಿದಿದ್ದು, ಇಷ್ಟು ವರ್ಷವಾಯಿತಲ್ಲ, ಈಗ ಅಳಿಸಿಹೋಗಿರಬಹುದೆಂದು ಬಸ್ಸಿಗೆ ಅರ್ಜಿ ಹಾಕಿದ್ದು, ಎಲ್ಲ ಹೇಳಿದರು. ನನಗೆ ಅದರಲ್ಲಿ ಒಂದೂ ಗೊತ್ತಿರಲಿಲ್ಲ. ಇವರಿಗೆ ಇಂಥದ್ದರಲ್ಲೆಲ್ಲ ಆಸಕ್ತಿಯಿಲ್ಲ, ಸೋಮಾರಿ ಎಂದು ಎಷ್ಟೋ ಸಲ ಬೈದಿದ್ದೆ.

ಮಗಳು ಇವರ ತೋಳು ಹಿಡಿದುಕೊಂಡು, "ಅಪ್ಪಾ, ಐ ಥಾಟ್ ಯೂ ಹೇಟೆಡ್ ಫಿಶ್" ಅಂದಳು. ಇವರಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

ನಮ್ಮ ಪರವಾಗಿ ಅರ್ಜಿ ಹಾಕಲು ಒಪ್ಪಿದ ವಕೀಲೆ, ಪಕ್ಕದ ಮನೆಯವರು ನಾಲ್ಕು ಮಾತು ಬರೆದುಕೊಟ್ಟರೆ ಒಳ್ಳೆಯದು ಎಂದು ಹೇಳಿದ್ದರು. ಇವರು ಸುತರಾಂ ಒಪ್ಪಲಿಲ್ಲ. ಮರುದಿನ ನಾನೇ ಹೋದೆ. ಆ ಮನೆಯ ಯಜಮಾನರಿಗೀಗ ಎಪ್ಪತ್ತು ದಾಟಿದೆ. ಎಲೆಗಳನ್ನು ಗೋರುತ್ತಿದ್ದವರು ಕೇಳುತ್ತ ಕೇಳುತ್ತ ಕೆಲಸ ನಿಲ್ಲಿಸಿಬಿಟ್ಟರು.

"ಅದು ಇನ್ನೂ ಇದೆಯಾ? ನಾನು ಬೆಂಕಿ ಆರಿಸಲಿ ಅಂತ ಕರೆದಿದ್ದು. ಇಷ್ಟೆಲ್ಲ ಆಗುತ್ತೆ ಅಂತ ನನಗೇನು ಗೊತ್ತು?" ಅಂದರು. ಆಮೇಲೆ, "ಬರೆದುಕೊಡೋದೇನು, ನಾನೇ ಬರ್ತೀನಿ" ಅಂದರು.

ಬಂದೂ ಬಂದರು, ಟೈ ಕಟ್ಟಿಕೊಂಡು. ಕೋರ್ಟಿನಲ್ಲಿ ನಮ್ಮ ಸರದಿ ಬಂತು. ಸರ್ಕಾರಿ ವಕೀಲರು ತಮ್ಮದೇನೂ ಆಕ್ಷೇಪವಿಲ್ಲ ಅಂದರು. ಜಡ್ಜ್ ಫೈಲು ಓದಿ, ಕನ್ನಡಕದ ಮೇಲಿಂದ ಪಕ್ಕದ ಮನೆಯವರನ್ನು ನೋಡಿ, "ಬೆಂಕಿ ಎಷ್ಟು ದೊಡ್ಡದಿತ್ತು?" ಎಂದು ಕೇಳಿದರು.

ಅವರು ಎರಡೂ ಕೈ ಅಗಲಿಸಿ, "ಇಷ್ಟು, ಯುವರ್ ಆನರ್. ಟೇಬಲ್ ಮೇಲೆ ಹಾಸೋ ಬಟ್ಟೆಯಷ್ಟು. ಅದನ್ನೂ ಇವರೇ ಆರಿಸಿದ್ದು" ಅಂದರು.

ಯಾರೋ ಹಿಂದೆ ನಕ್ಕರು. ಜಡ್ಜ್ ಕೂಡ ನಗು ತಡೆಯಲು ತುಟಿ ಬಿಗಿಹಿಡಿದಂತೆ ಕಂಡಿತು. ಇದನ್ನು ತೆರೆದಿಡುವುದರಿಂದ ಯಾರಿಗೂ ಏನೂ ಪ್ರಯೋಜನ ಕಾಣುವುದಿಲ್ಲ ಎಂದು ಹೇಳಿ, ಮುಚ್ಚಲು ಆದೇಶ ಕೊಟ್ಟರು. ಆಯಿತು, ಅಷ್ಟೇ. ಜಡ್ಜ್ ಇನ್ನೂ ಏನೋ ಕೇಳುತ್ತಾರೆಂದು ಇವರು ನಿಂತೇ ಇದ್ದರು. ವಕೀಲೆಯೇ ಭುಜ ಮುಟ್ಟಿ ಹೊರಗೆ ಕರೆದುಕೊಂಡು ಬಂದರು.

ಹೊರಗೆ ಬೆಂಚಿನ ಮೇಲೆ ಕೂತು ನೀರು ಕೇಳಿದರು. ಇಡೀ ಬಾಟಲಿ ಒಂದೇ ಉಸಿರಿಗೆ ಕುಡಿದು, "ಹಗುರಾಯ್ತು ಕಣೇ" ಅಂದರು. ನನಗೂ ಎದೆಯ ಮೇಲಿಂದ ಏನೋ ಇಳಿದ ಹಾಗಿತ್ತು, ಅದು ಅಲ್ಲಿತ್ತೆಂದು ಇಳಿಯುವವರೆಗೆ ತಿಳಿದಿರಲಿಲ್ಲ.

ಆದೇಶ ಎಲ್ಲ ಕಡೆ ಮುಟ್ಟಲು ಕೆಲವು ವಾರ ಹಿಡಿಯಿತು. ಮತ್ತೆ ಅರ್ಜಿ ಹಾಕಿದರು. ಈ ಸಲ ಬಂದ ಫೋನ್ ಟ್ರೈನಿಂಗ್ ಯಾವಾಗ ಶುರು ಎಂದು ಹೇಳಲು. ಬಸ್ಸನ್ನು ಹಿಂದಕ್ಕೆ ತೆಗೆಯುವ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿ, ಎರಡನೇ ಸಲ ಪಾಸಾದರು.

ಕೆಲಸ ಶುರುವಾದ ವಾರ ಮೈಸೂರಿನಿಂದ ಅವರ ಅಣ್ಣ ಫೋನ್ ಮಾಡಿದ್ದರು. ಎಂಜಿನಿಯರ್ ಆಗಿದ್ದವನು ಹೋಗಿ ಹೋಗಿ ಬಸ್ ಓಡಿಸುವುದೇ ಎಂದು ಕೇಳಿದರಂತೆ. ಇವರು ಯೂನಿಫಾರ್ಮಿನ ಜಾಕೆಟ್ ಕೂಡ ಬಿಚ್ಚದೆ ಸೋಫಾದಲ್ಲಿ ಕಾಲು ಚಾಚಿಕೊಂಡು, "ಹೂಂ ಅಣ್ಣ, ಬಸ್ಸೇ. ಚಿಕ್ಕದಲ್ಲ, ಪೂರ್ತಿ ದೊಡ್ಡದು" ಎಂದು ಹೇಳಿ ಜೋರಾಗಿ ನಗುತ್ತಿದ್ದರು.