ವೃಶ್ಚಿಕ ರಾಶಿಯ ತಿಪ್ಪಮ್ಮತ್ತೆ

ಬೈಯುವ ಮೊದಲು ತನ್ನ ರಾಶಿ ಹೇಳಿ ಬೈಯುತ್ತಿದ್ದವಳು ನನ್ನ ಸೋದರತ್ತೆ ತಿಪ್ಪಮ್ಮ ಒಬ್ಬಳೇ. "ನಂದು ವೃಶ್ಚಿಕ ಕಣಪ್ಪ. ಕುಟುಕದಿದ್ರೆ ಕೊಂಡಿ ಕೊಳೀತೈತೆ" ಎಂದು ಪೀಠಿಕೆ ಹಾಕಿ, ಎಲೆಅಡಿಕೆಯನ್ನು ಒಂದು ದವಡೆಗೆ ತಳ್ಳಿ, ಆಮೇಲೆ ಶುರು ಮಾಡುವಳು. ಚಳ್ಳಕೆರೆ ಸಂತೆಯಲ್ಲಿ ಒಬ್ಬ ಕಂಬಳಿಯವನಿಗೆ, "ಇದನ್ನ ಹೊದ್ಕೊಂಡ್ರೆ ಚಳಿ ತಾನೇ ಬಂದು ಪಕ್ಕದಾಗೆ ಮಲಗ್ತೈತೆ" ಅಂದಳು. ಅವನು ಅಡಿಯಲ್ಲಿ ಬಚ್ಚಿಟ್ಟಿದ್ದ ಒಳ್ಳೆಯ ಕಂಬಳಿ ತೆಗೆದುಕೊಟ್ಟ.

ನಮ್ಮೂರು ದೊಡ್ಡಉಳ್ಳಾರ್ತಿಯ ಹುಲ್ಲುಗಾವಲಿನ ಅಂಚಿಗೆ ಅವಳದೊಂದು ಹೊಲ. ತವರಿನವರು ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದು. ಚಿಕ್ಕ ವಯಸ್ಸಿಗೇ ಗಂಡ ಹೋದ. ತಾಯಿಯಿಲ್ಲದ ನನ್ನನ್ನು ಸಾಕಿದವಳೂ ಅವಳೇ. ಮೈದುನ ಓಬಯ್ಯನಿಗೆ ಆ ಹೊಲದ ಮೇಲೆ ಕಣ್ಣು.

"ಒಂಟಿ ಹೆಂಗಸು ಯಾಕಿರ್ತೀಯ ಅತ್ತಿಗೆ? ನಮ್ಮನೆಗೆ ಬಾ. ಹೊಲ ನಾನು ನೋಡ್ಕೊಂತೀನಿ" ಎಂದು ವರ್ಷಕ್ಕೊಮ್ಮೆ ಬರುವನು.

"ಬರ್ತೀನಪ್ಪ. ಚೇಳು ಒಳಗೆ ಬಂದ್ಮೇಲೆ ನೀನೆಲ್ಲಿ ಮಲಗ್ತೀಯ, ಜಾಗ ನೋಡ್ಕೋ" ಅನ್ನುವಳು. ಓಬಯ್ಯ ನಮ್ಮ ಜಗುಲಿ ಇಳಿಯುವಾಗ ಚಪ್ಪಲಿಯನ್ನು ಎರಡು ಸಲ ಕೊಡವಿ ಮೆಟ್ಟುತ್ತಿದ್ದ.

ರಾಶಿಯ ಲೆಕ್ಕ ಅವಳದೇ. ಹುಟ್ಟಿದ್ದು ಅನುರಾಧೆ ಮಳೆಯಲ್ಲಿ, ಅನುರಾಧೆ ವೃಶ್ಚಿಕದ ನಕ್ಷತ್ರ, ಹಾಗಾಗಿ ತಾನು ಚೇಳು. ಅದನ್ನು ತಾಳೆ ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

ಮೋಟಾರು ಇನ್ನೂ ನಮ್ಮ ಕಡೆ ಕಾಣದ ಕಾಲ. ನನಗೆ ಗೊತ್ತುಮಾಡಿದ ಹೆಣ್ಣಿನ ಜಾತಕ ಹೊತ್ತು ಮೊಳಕಾಲ್ಮೂರಿನ ಜೋಯಿಸರು ಗಾಡಿಯಲ್ಲಿ ಬಂದರು. ನಮ್ಮಿಬ್ಬರದೂ ಕೂಡಿತು. ಅತ್ತೆ ಹುರುಪಿನಿಂದ, "ನಂದೂ ಒಸಿ ನೋಡ್ರಿ. ಎಂಥೋಳ ಕೈಗೆ ಸಿಕ್ತೀನಿ ಅಂತ ಹುಡುಗಿಗೆ ಮೊದ್ಲೇ ಗೊತ್ತಿರ್ಲಿ" ಎಂದಳು. ಅನುರಾಧೆ ಮಳೆ, ಗೌರಿ ಹುಣ್ಣಿಮೆ, ಸಂಜೆ ಆರತಿಯ ಹೊತ್ತು ಎಂದು ಎಲ್ಲ ಹೇಳಿದಳು.

ಜೋಯಿಸರು ಬೆರಳು ಮಡಚಿ ಎಣಿಸಿದರು. "ಮಳೆ ನಕ್ಷತ್ರ ಸೂರ್ಯನ್ದು ತಾಯಿ. ಹುಟ್ಟಿದ ನಕ್ಷತ್ರ ಚಂದ್ರನ್ದು. ಹುಣ್ಣಿಮೆ ದಿವಸ ಚಂದ್ರ ಸೂರ್ಯನಿಗೆ ಎದುರಿಗಿರ್ತಾನೆ. ನಿಮ್ದು ವೃಷಭ. ಎತ್ತು. ಎಷ್ಟು ಹೇರಿದ್ರೂ ತಾಳ್ಮೆಯಿಂದ ಹೊರೋ ರಾಶಿ. ಭಾರ ಇಳಿಸೋದನ್ನ ಕಲಿಯೋದೇ ಈ ರಾಶಿಯೋರ ಸಾಧನೆ."

ನಗು ತಡೆಯಲಾರದೆ ಗೋಡೆಗೆ ಮುಖ ಮಾಡಿ ನಿಂತೆ. ಅತ್ತೆ ಒಳಗೆ ಹೋಗಿ ಒಂದು ಗಿಂಡಿ ತುಪ್ಪ ತಂದು ಜೋಯಿಸರ ಮುಂದಿಟ್ಟು, "ಈ ಮಾತು ಇಲ್ಲಿಗೇ ಬಿಡ್ರಿ" ಎಂದಳು. ಗಾಡಿ ಮರೆಯಾದದ್ದೇ ನನ್ನ ಕಿವಿ ಹಿಡಿದಳು.

"ನಗ್ತೀಯೇನಲೇ? ಚೇಳು ಅಂತ ಹೆದರಿದ್ದಕ್ಕೆ ಹೊಲ ಉಳಿದೈತೆ. ಎತ್ತು ಅಂತ ಗೊತ್ತಾದ್ರೆ ನಾಳೆನೇ ಓಬಯ್ಯ ನೊಗ ಹಿಡ್ಕೊಂಡು ಬರ್ತಾನೆ."

ನನ್ನ ನಗು ನಿಂತಿತು. ಹೊಲ ಹೊತ್ತದ್ದು, ನನ್ನನ್ನು ಹೊತ್ತದ್ದು, ಎಲ್ಲ ಎತ್ತಿನ ಕೆಲಸವೇ. ಚೇಳಾಗಿದ್ದದ್ದು ನಾಲಿಗೆ ಒಂದೇ. ಕಿವಿ ಉರಿಯುತ್ತಿದ್ದರೂ ಅವಳ ಮೇಲೆ ಹೇಳತೀರದ ಪ್ರೀತಿ ಬಂತು. ಗುಟ್ಟನ್ನು ಹೆಂಡತಿಗೂ ಹೇಳಲಿಲ್ಲ.

ಹನ್ನೆರಡು ವರ್ಷ ಕಳೆದ ಮೇಲೆ ಅತ್ತೆ ಹಾಸಿಗೆ ಹಿಡಿದಳು. ಓಬಯ್ಯ ನೋಡಲು ಬಂದವನು ಬಾಗಿಲಲ್ಲೇ ಕೂತ. "ಹೆಂಗಿದ್ದೀಯ ಅತ್ತಿಗೆ?"

"ಹತ್ರ ಬಾ, ಹೇಳ್ತೀನಿ."

ಅವನು ಬರಲಿಲ್ಲ. ಅವನು ಎದ್ದುಹೋದ ಮೇಲೆ ಅತ್ತೆ ನನ್ನ ಕಡೆ ನೋಡಿ, "ಹೊಲ ಇನ್ಮೇಲೆ ನಿಮ್ದು. ಜೋಯಿಸ್ರು ಹೇಳ್ದಂಗೆ ಭಾರ ಇಳಿಸಿಬಿಟ್ಟೆ ನೋಡು" ಎಂದಳು. ನನಗೆ ಅಳು ಬಂತು. ಅವಳು ನನ್ನನ್ನು ಬಿಟ್ಟು ನನ್ನ ಹೆಂಡತಿಯನ್ನು ಕರೆದಳು.

"ನಿಂದು ಯಾವ ರಾಶಿಯವ್ವ?"

"ಮೀನ, ಅತ್ತೆ."

"ಮೀನ ಅಂದ್ರೆ ಹುರ್ಕೊಂಡು ತಿಂತಾರೆ. ಯಾರಾದ್ರೂ ಕೇಳಿದ್ರೆ ವೃಶ್ಚಿಕ ಅನ್ನು."

ಅದೇ ವಾರ ಅತ್ತೆ ಹೋದಳು. ಹೊಲ ನಮ್ಮಲ್ಲೇ ಇದೆ. ಓಬಯ್ಯನ ಮಕ್ಕಳು ಈಗಲೂ ಆಗಾಗ ಬಂದು ಹೋಗುತ್ತಾರೆ. ಜಗುಲಿ ಇಳಿಯುವಾಗ ಚಪ್ಪಲಿಯನ್ನು ಎರಡು ಸಲ ಕೊಡವಿ ಮೆಟ್ಟುತ್ತಾರೆ.