ವಸ್ತ್ರದ ಕೆಳಗಿನ ಬೆರಳುಗಳು

ಹೋದ ವಾರ ಚಿತ್ತಾಪುರದ ನನ್ನ ಮನೆಯ ಪಡಸಾಲೆಯಲ್ಲೇ ನನ್ನ ಕೈ ಸಿಕ್ಕಿಬಿತ್ತು. ಹಿಡಿದವಳು ನನ್ನ ಅಕ್ಕನ ಮಗಳು ಗುರುಬಾಯಿ. ಹಿಡಿಯುವುದನ್ನು ಅವಳಿಗೆ ಕಲಿಸಿದ್ದು ಒಂದು ಕಾದಂಬರಿ!

ಮೊದಲು ಕಾದಂಬರಿಯ ವಿಷಯ. (ನಾನು ಕಾದಂಬರಿ ಓದುವವನಲ್ಲ, ದನದ ದಲಾಲ. ನನಗೆ ಓದಲು ಬರುವುದು ಎತ್ತಿನ ಹಲ್ಲು.) ಗುರುಬಾಯಿ ಮಿಡ್ಲ್ ಪಾಸಾದಳೆಂದು ಶಹಾಬಾದದ ಮಾಸ್ತರರೊಬ್ಬರು ಬಹುಮಾನವಾಗಿ ಕೊಟ್ಟ ಪುಸ್ತಕ ಅದು. ಸಂಜೆ ಹೊತ್ತು ಅದನ್ನು ಅಕ್ಕನಿಗೆ ಗಟ್ಟಿಯಾಗಿ ಓದುತ್ತಿದ್ದಳು. ಕಿವಿ ನನಗೂ ಇದೆಯಲ್ಲ, ಕೇಳಿದೆ.

ಒಬ್ಬ ಹುಡುಗ, ಒಂದು ಬಿಳಿ ಎತ್ತು. ಎತ್ತಿನ ಬೆನ್ನ ಮೇಲೆ ಕೆಟ್ಟ ಸುಳಿ. ಮನೆಯಲ್ಲಿ ಏನು ಕೆಟ್ಟರೂ ಅದು ಎತ್ತಿನ ತಲೆಗೆ. ಕೊನೆಗೆ ಅದನ್ನು ಸಂತೆಗೆ ಹೊಡೆಯುತ್ತಾರೆ. ದಲಾಲರಿಬ್ಬರು ವ್ಯಾಪಾರಕ್ಕೆ ಕೂಡುತ್ತಾರೆ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವ ಪದ್ಧತಿ ಇಲ್ಲ. ಹೆಗಲ ಮೇಲಿನ ವಸ್ತ್ರವನ್ನು ಕೈಗಳ ಮೇಲೆ ಹಾಸಿ, ಕೆಳಗೆ ಬೆರಳು ಒತ್ತಿ ಹೇಳುತ್ತೇವೆ. ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ಕಾದಂಬರಿಯಲ್ಲಿ, ಅಲ್ಲಿಯವರೆಗೆ ಎಲ್ಲದಕ್ಕೂ ತಲೆ ತಗ್ಗಿಸುತ್ತಿದ್ದ ಆ ಹುಡುಗ ಮುಂದೆ ಬಂದು ವಸ್ತ್ರವನ್ನೇ ಎಳೆದುಬಿಡುತ್ತಾನೆ.

“ಸುಳ್ಳ ಬರದಾನ,” ಎಂದೆ ನಾನು. “ಸೇಡಂ ಸಂತ್ಯಾಗ ಇಷ್ಟು ವರ್ಷ ಕೈ ಹಿಡದೀನಿ. ಯಾವನೂ ವಸ್ತ್ರ ಎಳದಿಲ್ಲ. ಎಳದ್ರ ಕೈ ಮುರೀತಾರ.”

“ಅದಕ್ಕೇ ಅದಕ್ಕ ಧೈರ್ಯ ಅಂತಾರ ಮಾಮಾ,” ಎಂದಳು ಗುರುಬಾಯಿ. “ಮತ್ತ ಅದು ಬರೇ ಎತ್ತಲ್ರಿ. ಆ ಹುಡುಗನೇ ಅದು. ಅಂವಗೂ ಯಾರೂ ಕೇಳಂಗಿಲ್ಲ, ಎತ್ತಿಗೂ ಯಾರೂ ಕೇಳಂಗಿಲ್ಲ.”

“ಎತ್ತಂದ್ರ ಎತ್ತು. ಎಷ್ಟು ಹಲ್ಲು ಅಂತ ಬರದಾನೇನು?”

“ಬರದಿಲ್ರಿ.”

“ಹಂಗಾದ್ರ ಅಂವಗ ಎತ್ತೂ ಗೊತ್ತಿಲ್ಲ, ಹುಡುಗೂ ಗೊತ್ತಿಲ್ಲ.”

“ನಿನಗ ಎರಡೂ ಗೊತ್ತದಾವ ಬಿಡಪಾ, ಈಗ ಸುಮ್ಮ ಕೇಳು,” ಎಂದಳು ಅಕ್ಕ.

ಈಗ ಮನೆಯ ವಿಷಯಕ್ಕೆ ಬರೋಣ. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳ್ವಿಕೆ ಹೋದ ಮೇಲೆ ನಮ್ಮ ಕಡೆ ಊರೂರಿಗೂ ಕನ್ನಡ ಶಾಲೆ ಬರುತ್ತಿವೆ. ಕಲಿಸುವವರೇ ಇಲ್ಲ. ಗುರುಬಾಯಿಗೆ ಕಲಬುರ್ಗಿಯಲ್ಲಿ ಟೀಚರ್ ಟ್ರೇನಿಂಗಿಗೆ ಸೀಟು ಸಿಕ್ಕಿತ್ತು. ಹೋಗಲೇಬೇಕೆಂದು ಅವಳ ಹಟ. ಭಾವ ತೀರಿಕೊಂಡ ಮೇಲೆ ತಾಯಿ ಮಗಳು ನನ್ನ ಮನೆಯಲ್ಲೇ ಇದ್ದಾರೆ, ಅವಳ ಮದುವೆ ನನ್ನ ಜವಾಬ್ದಾರಿ. ಚಿಂಚೋಳಿಯ ಒಳ್ಳೆಯ ಪಾರ್ಟಿ ತಾನಾಗಿ ಬಂದಿದೆ, ಬಿಡುವುದುಂಟೇ? ನೋಡಲು ಬಂದವನು ವರನ ದೊಡ್ಡಪ್ಪ ಮಲ್ಕಪ್ಪ. ಅವನೂ ದನದ ದಲಾಲನೇ, ನನ್ನ ಹಳೆಯ ಪರಿಚಯ.

ಮಲ್ಕಪ್ಪ ಹುಡುಗಿಯನ್ನು ನಡೆಸಿ ನೋಡಿದ. ಮಾತಾಡಿಸಿ ನೋಡಿದ. ಆಮೇಲೆ ಅಕ್ಕನಿಗೆ ಹೇಳಿದ: “ಹೆರಳು ಸ್ವಲ್ಪ ಸಡ್ಲ ಮಾಡ್ರಿ ಯವ್ವಾ. ಸುಳಿ ನೋಡ್ಬೇಕು.”

ಕುತ್ತಿಗೆಯ ಹಿಂದೆ ಒಂದು ಸುಳಿ ಸಿಕ್ಕಿಯೇ ಬಿಟ್ಟಿತು. ಮಲ್ಕಪ್ಪ ಲೊಚಗುಟ್ಟಿದ. ಮಾಲಿನ ಬೆಲೆ ಇಳಿಸುವ ಸದ್ದು ಅದು. (ನಾನೂ ಹಾಗೇ ಮಾಡುತ್ತೇನೆ.) ಗುರುಬಾಯಿ ಹೆರಳು ಕಟ್ಟಿಕೊಂಡು ಒಳಗೆ ಹೋದಳು.

ಉಳಿದದ್ದು ಹುಂಡಾದ ಮಾತು. ವರದಕ್ಷಿಣೆಯ ಮಾತನ್ನು ಹೆಂಗಸರ ಕಿವಿಗೆ ಬೀಳುವಂತೆ ಆಡುವುದು ಹೇಗೆ? ನಮ್ಮಿಬ್ಬರ ಕೈಗಳು ತಾವಾಗಿಯೇ ಮುಂದೆ ಬಂದವು. ಮಲ್ಕಪ್ಪ ಹೆಗಲ ಮೇಲಿನ ವಸ್ತ್ರ ಎಳೆದು ಹಾಸಿದ. ಅಭ್ಯಾಸಬಲ, ನೋಡಿ! ಅವನು ಒತ್ತಿದ, ನಾನು ಬಿಡಿಸಿದೆ. ಅವನು ಮತ್ತೆ ಒತ್ತಿದ. ಒಳ್ಳೆಯ ರಂಗಿಗೆ ಬಂದಿತ್ತು ವ್ಯಾಪಾರ.

ಚೂಡಾದ ತಟ್ಟೆ ಹಿಡಿದು ಬಂದ ಗುರುಬಾಯಿ ಒಂದು ಗಳಿಗೆ ನಿಂತಳು. ತಟ್ಟೆಯನ್ನು ಕೆಳಗಿಟ್ಟಳು. ವಸ್ತ್ರದ ಚುಂಗು ಹಿಡಿದು ಎಳೆದೇಬಿಟ್ಟಳು.

ಮಲ್ಕಪ್ಪನ ಮುಷ್ಟಿಯಲ್ಲಿ ನನ್ನ ಬೆರಳು! ಇಬ್ಬರು ಹಿರಿಯರು, ಹಾಡುಹಗಲು, ಪಡಸಾಲೆಯ ನಡುವೆ.

“ಬಾಯಿಲೆ ಮಾತಾಡ್ರಿ ಮಾಮಾ. ನಂಗೂ ಕೇಳ್ಲಿ,” ಎಂದಳು. ವಸ್ತ್ರವನ್ನು ಬಿಡಲಿಲ್ಲ. ಮಲ್ಕಪ್ಪನ ಕಡೆ ತಿರುಗಿ ಹೇಳಿದಳು: “ನಾ ಟ್ರೇನಿಂಗ್‌ಗೆ ಹೊಂಟೀನ್ರಿ. ಅದು ಮುಗದ ಮ್ಯಾಲ ಬರ್ರಿ. ಹುಂಡಾ ಕೇಳ್ದ ಬಂದ್ರ ಕುಂದ್ರಸ್ತೀವಿ, ಚಾ ಕೊಡ್ತೀವಿ.”

ಮಲ್ಕಪ್ಪ ನನ್ನ ಮುಖ ನೋಡಿ ನಕ್ಕ. “ಏನ್ರಿ ದಲಾಲ್ರ, ನಿಮ್ಮ ಮಾಲು ಮಾತಾಡ್ತದಲ್ಲ!”

ಬೇರೆ ದಿನವಾಗಿದ್ದರೆ ಗುರುಬಾಯಿಯನ್ನೇ ಗದರಿಸುತ್ತಿದ್ದೆನೋ ಏನೋ. ಆದರೆ ಬೆರಳು ಬಯಲಾದ ಮೇಲೆ ವ್ಯಾಪಾರಿಗೆ ಉಳಿಯುವುದು ಒಂದೇ ದಾರಿ: ಯಾರ ಕೈ ಮೇಲಾಗಿದೆ ಎಂದು ನೋಡಿ ಆ ಕಡೆ ನಿಲ್ಲುವುದು. ಬೇರೆಯವರ ಎತ್ತಿನ ಹಗ್ಗ ಹಿಡಿದು ನಡೆದ ನಾನು ಸ್ವಂತ ಮನೆ ಕಟ್ಟಿದ್ದು ಈ ಬುದ್ಧಿಯಿಂದಲೇ.

“ಅದು ಮಾಲಲ್ಲ ಮಲ್ಕಪ್ಪಣ್ಣಾ, ಧಣಿ,” ಎಂದೆ. “ಇನ್ನ ಮ್ಯಾಲ ಮಾತೇನಿದ್ರೂ ಆಕೀ ಕೂಡನೇ ಆಡ್ರಿ.”

ಬಾಗಿಲಲ್ಲಿ ನಿಂತಿದ್ದ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ, ನಾನು ಕೇಳಲಿಲ್ಲ.

ಆ ಕಾದಂಬರಿಯ ಎತ್ತು ಒಂದು ಸಿಂಬಲ್ ಎಂದು ಶಹಾಬಾದದ ಮಾಸ್ತರರು ಹೇಳುತ್ತಾರೆ. ಹುಡುಗನ ಒಳಗಿನ ಮೂಕತನವಂತೆ. ಇರಬಹುದು. ನಾನು ಹೇಳುವುದು ಬೇರೆ. ಬರೆದವನು ಪಕ್ಕಾ ವ್ಯಾಪಾರಿ! ‘ನಿಮ್ಮ ಮನೆಯ ಹುಡುಗಿಯ ಕಥೆ ಕೇಳಿ’ ಎಂದಿದ್ದರೆ ನಾನು ಎದ್ದು ಹೋಗುತ್ತಿದ್ದೆ. ಎತ್ತನ್ನು ಮುಂದೆ ಕಟ್ಟಿದ, ನಾನು ಕಿವಿಗೊಟ್ಟು ಕುಳಿತೆ. ಎತ್ತಿನ ಸುಳಿಗೆ ಅಯ್ಯೋ ಎಂದ ನಮಗೆ ಕಣ್ಣೆದುರು ಬಿಚ್ಚಿದ ಹೆರಳು ಯಾಕೆ ಕಾಣಲಿಲ್ಲ?

ಆದ್ದರಿಂದ ಹೆಣ್ಣು ಕೊಡುವವರಿಗೂ ತರುವವರಿಗೂ ನನ್ನ ಬಿಟ್ಟಿ ಸಲಹೆ: ಮಾತನ್ನು ಅವಳ ಎದುರಿಗೇ ಆಡಿ. ಅವಳ ಎದುರಿಗೆ ಆಡಲು ನಾಚಿಕೆಯಾದರೆ ಆ ಮಾತು ಆಡುವಂಥದ್ದೇ ಅಲ್ಲ.

ಗುರುಬಾಯಿ ಸೋಮವಾರ ಕಲಬುರ್ಗಿಯ ಗಾಡಿ ಹತ್ತಿದಳು. ಸುಳಿಯೂ ಜೊತೆಗೇ ಹೋಯಿತು. ಗಾಡಿ ಹೊತ್ತಿಗೆ ಸರಿಯಾಗಿಯೇ ಬಂತು.

ವಸ್ತ್ರ ಎಳೆದ ಆ ದಿನ ಮಲ್ಕಪ್ಪ ಚೂಡಾ ಮುಗಿಸುವಷ್ಟರಲ್ಲಿ ನನ್ನಿಂದ ಕಾದಂಬರಿಯ ಕಥೆಯನ್ನೂ ಕೇಳಿಕೊಂಡು, ಹೊಸ್ತಿಲಲ್ಲಿ ಜೋಡು ಮೆಟ್ಟುತ್ತ ಮೆಲ್ಲಗೆ ಕೇಳಿದ್ದ: “ಆ ಪುಸ್ತಕ ಚಿಂಚೋಳಿ ತನಕ ಬಂದದೇನ್ರಿ? ನಮ್ಮನ್ಯಾಗೂ ಇಬ್ಬರು ಹುಡುಗ್ಯಾರ ಅದಾರ. ಹುಷಾರ್ ಇರ್ಬೇಕಲ್ಲ.”

ವಾಡಿ ಸ್ಟೇಷನ್ನಿನಲ್ಲಿ ಇನ್ನೊಂದು ಪ್ರತಿ ಸಿಕ್ಕಿತು. (ಚೌಕಾಸಿ ಮಾಡಿದೆ. ಪುಸ್ತಕದವನು ಬಗ್ಗಲಿಲ್ಲ.) ನಿನ್ನೆ ಚಿಂಚೋಳಿ ಬಸ್ಸಿನಲ್ಲಿ ಕಳುಹಿಸಿಕೊಟ್ಟೆ.

ಮಲ್ಕಪ್ಪನ ಹೆಸರಿಗಲ್ಲ, ಆ ಹುಡುಗಿಯರ ಹೆಸರಿಗೆ.