ಸೀರೆ ಇಟ್ಟು ನೋಡುವ ಹೆಗಲು

ಸಾರಕ್ಕಿಯ ಚಿಕ್ಕಬೈರಪ್ಪನವರ ಮನೆಯಲ್ಲಿ ಗಂಡಿಗೆ ಹೆಣ್ಣು ನಿಶ್ಚಯವಾಯಿತೆಂದರೆ ಮೊದಲು ಏಳುತ್ತಿದ್ದ ಮಾತು ಛತ್ರದ್ದಲ್ಲ, ಅಡಿಗೆಯವರದ್ದೂ ಅಲ್ಲ. "ಹೆಣ್ಣು ಯಾವ ಬಣ್ಣ? ವನಿತಾ ಆಯ್ತಾಳಾ?" ಎಂಬುದು.

ವನಿತಾ ಚಿಕ್ಕಬೈರಪ್ಪನವರ ಮೊಮ್ಮಗಳು. ಆ ಕಾಲಕ್ಕೆ ಧಾರೆ ಸೀರೆ ತರುವವರು ಗಂಡಿನ ಕಡೆಯವರು. ಮದುವೆಯಾಗುವ ಹುಡುಗಿಯನ್ನು ಅಂಗಡಿಗೆ ಕರೆದೊಯ್ಯುವ ಪದ್ಧತಿ ಇರಲಿಲ್ಲ. ಹಾಗಾಗಿ ಅವಳದೇ ಬಣ್ಣದ, ಅವಳದೇ ಎತ್ತರದ ಇನ್ನೊಬ್ಬಳ ಹೆಗಲ ಮೇಲೆ ಸೀರೆ ಇಟ್ಟು ನೋಡಬೇಕಾಗುತ್ತಿತ್ತು. ವನಿತಾಳ ಚಿಕ್ಕಪ್ಪ ಹನುಮಯ್ಯನಿಗೆ ಗೊಟ್ಟಿಗೆರೆಯ ಗೌರಮ್ಮ ಗೊತ್ತಾದಾಗ ಈ ಕೆಲಸ ಮೊದಲ ಸಲ ಅವಳ ಪಾಲಿಗೆ ಬಂತು. ಆಗ ಅವಳು ಎರಡು ಜಡೆ ಹಾಕಿಕೊಂಡು ಹೈಸ್ಕೂಲಿಗೆ ಹೋಗುತ್ತಿದ್ದಳು.

"ಹೆಣ್ಣು ಎಣ್ಣೆಗೆಂಪು. ಎತ್ತರ, ಸಣಕಲು. ಥೇಟ್ ನಮ್ ವನಿತಾನೇ ಅಂದ್ಕಳಿ," ಎಂದಳು ಅಜ್ಜಿ ನಾರಾಯಣಮ್ಮ.

ವನಿತಾಳಿಗೆ ಆಶ್ಚರ್ಯವಾಯಿತು. ನೆರಳಲ್ಲಿ ಕಪ್ಪಾಗಿ, ಬಿಸಿಲಲ್ಲಿ ಕೆಂಪಿಗೆ ತಿರುಗುವ ತನ್ನ ಮೈಬಣ್ಣಕ್ಕೆ ಇಷ್ಟು ಒಳ್ಳೆಯ ಹೆಸರಿದೆ ಎಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ. "ಲಕ್ಷಣವಾಗವ್ಳೆ, ಬಣ್ಣ ಒಂದ್ ಕಮ್ಮಿ" ಎಂದೇ ಎಲ್ಲರೂ ಹೇಳುತ್ತಿದ್ದರು.

ಬಸ್ಸು ಹತ್ತಿ ಜಯನಗರ ನಾಲ್ಕನೇ ಬ್ಲಾಕಿಗೆ ಹೋದರು. ಅಂಗಡಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬಿಳಿ ಹೊದಿಕೆಯ ಹಾಸಿಗೆಯ ಮೇಲೆ ಸಾಲಾಗಿ ಕೂತರು. ವನಿತಾ ಮಾತ್ರ ನಿಂತಿರಬೇಕು. ಅಂಗಡಿಯವನು ಒಂದೊಂದೇ ಸೀರೆ ಬಿಚ್ಚಿ ಅವಳ ಹೆಗಲಿಗೆ ಎಸೆಯುತ್ತಿದ್ದ. ಕೂತಿದ್ದ ಅತ್ತೆಯರು, ದೊಡ್ಡಮ್ಮಂದಿರು ಸೀರೆ ನೋಡುತ್ತಿದ್ದರು. ಅಜ್ಜಿಯೊಬ್ಬಳೇ ಸೀರೆ ಬಿಟ್ಟು ಮೊಮ್ಮಗಳ ಮುಖ ನೋಡುತ್ತಿದ್ದಳು.

"ಇದು ಬ್ಯಾಡ. ಸೀರೆ ಮುಂದ್ಕೆ ಬತ್ತದೆ, ಮೊಗ ಹಿಂದ್ಕೋಯ್ತದೆ."

"ಇದು ಬರೀ ಜರಿ. ದೇವ್ರಿಗೆ ಉಡ್ಸು."

"ಹಾಲುಗೆನೆ ಬಣ್ಣ ನಮ್ಗಾಗಲ್ಲ ಕಣಪ್ಪಾ. ಬೂದಿ ಬಳ್ಕಂಡಂಗೆ ಕಾಣ್ತದೆ. ಮಡಚಿಕ್ಕು."

ಕೊನೆಗೊಂದು ಬದನೆಕಾಯಿ ಬಣ್ಣದ ಸೀರೆ ಬಂತು. ಸಾಸಿವೆ ಬಣ್ಣದ ದೊಡ್ಡ ಅಂಚು. ಅದು ಹೆಗಲಿಗೆ ಬಿದ್ದದ್ದೇ ತಡ, ಗಲಗಲ ಎನ್ನುತ್ತಿದ್ದ ಹೆಂಗಸರೆಲ್ಲ ಸುಮ್ಮನಾದರು. ಅಜ್ಜಿ ಎದ್ದು ಬಂದು, ಸೀರೆ ಹೊದ್ದಿದ್ದ ಮೊಮ್ಮಗಳ ರಟ್ಟೆ ಹಿಡಿದು ಸೀದಾ ರಸ್ತೆಯ ಬಾಗಿಲಿಗೆ ಎಳೆದುಕೊಂಡು ಹೋದಳು.

"ಅಮ್ಮಾ, ಹೊರಗೆ ಧೂಳು! ಸೀರೆ ಮಾಸ್ತದೆ!" ಎಂದು ಅಂಗಡಿಯವನು ಕೂಗಿಕೊಂಡ.

"ನಿನ್ ಟೂಬ್‌ಲೈಟು ಸುಳ್ಳೇಳ್ತದೆ ಕಣಪ್ಪಾ. ಬಿಸ್ಲು ಸುಳ್ಳೇಳಲ್ಲ," ಎಂದಳು ಅಜ್ಜಿ ತಿರುಗಿಯೂ ನೋಡದೆ.

ಬಾಗಿಲ ಪಕ್ಕದಲ್ಲೊಂದು ನಿಲುಗನ್ನಡಿ ಇತ್ತು. ವನಿತಾ ಅದರಲ್ಲಿ ಕಂಡ ಹುಡುಗಿಯನ್ನು ಅದುವರೆಗೆ ನೋಡಿರಲಿಲ್ಲ. ಅವಳ ಕೆನ್ನೆಯಲ್ಲಿ ಜೇನಿನಂಥ ಹೊಳಪಿತ್ತು, ಕಣ್ಣು ದೊಡ್ಡದಾಗಿ ಕಾಣುತ್ತಿತ್ತು. ಸೀರೆ ಮಡಚಲು ಅಂಗಡಿಯವನು ಕೈ ಚಾಚಿದಾಗ ಅವಳಿಗೆ ಕೊಡಲು ಮನಸ್ಸೇ ಬರಲಿಲ್ಲ. ಸೆರಗನ್ನು ಒಂದು ಗಳಿಗೆ ಬಿಗಿಯಾಗಿ ಹಿಡಿದುಕೊಂಡೇ ಇದ್ದಳು.

ಮದುವೆಯ ದಿನ ಗೌರಮ್ಮ ಆ ಸೀರೆ ಉಟ್ಟು ಹಸೆಗೆ ಬಂದಾಗ ವನಿತಾ ನೋಡಲಾರದೆ ಎದ್ದಳು. ಕಂಬದ ಮರೆಗೆ ಹೋಗಿ ನಿಂತಳು. ಅಜ್ಜಿ ಹುಡುಕಿಕೊಂಡು ಬಂದಳು. ಬೈಯಲಿಲ್ಲ.

"ಸೀರೆ ಅವಳ್ದು, ಅದ್ಕೇನ್ ಮಾಡಾಕಾಯ್ತದೆ? ಆದ್ರೆ ಆ ಬಣ್ಣ ನಿಂದೂನೂವೆ. ಅದ್ನ ಯಾರೂ ಕಿತ್ಕಳಾಕಾಗಲ್ಲ," ಎಂದು ತನ್ನ ಸೆರಗಿನಿಂದ ಅವಳ ಮೂಗು ಒರೆಸಿದಳು.

ಆಮೇಲೆ ಬಂದ ಮದುವೆಗಳಿಗೆ ಲೆಕ್ಕವಿಲ್ಲ. ಮನೆಯ ಗಂಡುಮಕ್ಕಳದ್ದು, ನೆಂಟರದ್ದು, ಪಕ್ಕದ ಬೀದಿಯವರದ್ದು. ಹೊಲಗಳೆಲ್ಲ ಸೈಟುಗಳಾಗಿ, ಸಾರಕ್ಕಿಯ ಸುತ್ತ ಜೆ.ಪಿ. ನಗರ ಎದ್ದು ನಿಲ್ಲುತ್ತಿದ್ದ ವರ್ಷಗಳವು. ಕಾಸು ಓಡಾಡುತ್ತಿತ್ತು, ಮದುವೆಗಳೂ ಜೋರಾಗಿಯೇ ಆಗುತ್ತಿದ್ದವು. ಎಣ್ಣೆಗೆಂಪು ಹೆಣ್ಣು ಎಲ್ಲಿದ್ದರೂ ವನಿತಾಳ ಹೆಗಲಿಗೆ ಕರೆ ಬರುತ್ತಿತ್ತು. ವ್ಯಾಪಾರ ಮುಗಿದ ಮೇಲೆ ಹೋಟೆಲಿನಲ್ಲಿ ಮಸಾಲೆ ದೋಸೆ ಖಾತ್ರಿ. ಬಸ್ಸಿನಲ್ಲಿ ಕಿಟಕಿಯ ಸೀಟು ಕೂಡ ಅವಳದೇ. ದಾರಿಯುದ್ದಕ್ಕೂ ಅಜ್ಜಿ, ಬಸ್ಸಿನಲ್ಲಿದ್ದ ಹೆಂಗಸರನ್ನೆಲ್ಲ ಕಣ್ಣಲ್ಲೇ ಅಳೆದು ಪಿಸುಗುಟ್ಟುತ್ತಿದ್ದಳು. "ಅಲ್ನೋಡು, ಆ ಕುಳ್ಳಿಗೆ ಅಷ್ಟಗಲ ಅಂಚು. ಸೀರೆಗೇ ಕಾಲ್ ಬಂದು ನಡ್ಕಂಡೋದಂಗಿಲ್ವಾ?" ಇಬ್ಬರೂ ಬಾಯಿಗೆ ಸೆರಗು, ದಾವಣಿ ಅಡ್ಡ ಹಿಡಿದು ನಗುತ್ತಿದ್ದರು.

ವನಿತಾಳಿಗೂ ಗಂಡು ಗೊತ್ತಾಯಿತು. ಬಿ.ಟಿ.ಎಂ. ಲೇಔಟಿನ ಪಕ್ಕದ ಎನ್.ಎಸ್. ಪಾಳ್ಯದ ಶಿವರಾಮ್. ಒಳ್ಳೆಯ ಮನೆತನ. ಆದರೆ ಆ ಮನೆಯವರು ಸೀರೆ ತೆಗೆಯಲು ಹೋಗುವಾಗ ಶಿವರಾಮನ ತಂಗಿಯನ್ನು ನಿಲ್ಲಿಸಿದರು. ಅವಳೋ ಸುಲಿದ ಬಾಳೆಹಣ್ಣಿನಂತೆ ಬೆಳ್ಳಗಿದ್ದವಳು. ತಿಳಿಗುಲಾಬಿ ಬಣ್ಣದ ಸೀರೆ ಅವಳಿಗೆ ಒಪ್ಪಿತು, ತಂದರು. ಎಷ್ಟೋ ಹೆಣ್ಣುಗಳಿಗೆ ಹೆಗಲು ಕೊಟ್ಟವಳ ಮದುವೆಗೆ ಸರಿಯಾದ ಹೆಗಲು ಸಿಗಲಿಲ್ಲ.

ಮದುವೆಗೆ ಮುಂಚೆ ಆ ಸೀರೆ ತಟ್ಟೆಯಲ್ಲಿ ಬಂದಾಗ ವನಿತಾ ಅದನ್ನು ಹೆಗಲಿಗಿಟ್ಟು ಕನ್ನಡಿ ನೋಡಿಕೊಂಡಳು. ಜ್ವರದಿಂದ ಎದ್ದವಳಂತೆ ಕಂಡಳು. ಅಳು ಬಂತು.

"ಧಾರೆ ಸೀರೆ ಬ್ಯಾಡ ಅನ್ನಂಗಿಲ್ಲ," ಎಂದಳು ಅಜ್ಜಿ. ಸೀರೆಯನ್ನು ಹಿತ್ತಿಲ ಬಿಸಿಲಿಗೆ ಒಯ್ದು ಹಿಂದುಮುಂದು ತಿರುಗಿಸಿದಳು. ಅಂಚಿನಲ್ಲಿ ಅರಗಿನ ಕೆಂಪಿನದೊಂದು ಸಣ್ಣ ಗೀಟಿತ್ತು. ಅದನ್ನು ಬೆರಳಲ್ಲಿ ಮುಟ್ಟಿ ನಕ್ಕಳು. "ಸೀರೆ ಅವರ್ದು. ರವಿಕೆ ನಮ್ದಲ್ವಾ?"

ಆ ಗೀಟಿನದೇ ಬಣ್ಣದ ರೇಷ್ಮೆ ತರಿಸಿ, ಮೊಣಕೈವರೆಗೆ ತೋಳಿಟ್ಟು ರವಿಕೆ ಹೊಲಿಸಿದಳು. ಕತ್ತಿಗೆ ಹತ್ತಿರವಿರುವುದು ರವಿಕೆ. ಮುಖಕ್ಕೆ ಬೆಳಕು ಕೊಡುವುದೂ ಅದೇ, ಕೆಳಗೆ ಸೀರೆ ಏನಿದ್ದರೂ ನಡೆಯುತ್ತದೆ ಎಂಬುದು ಅವಳ ಲೆಕ್ಕಾಚಾರ. ಧಾರೆಯ ಹೊತ್ತಿಗೆ ಸೆರಗನ್ನು ಸಣ್ಣಗೆ ಮಡಿಸಿ ಹಿಂದಕ್ಕೆ ಸರಿಸಿದಳು. ಶಿವರಾಮನ ಅತ್ತೆಯೊಬ್ಬರು, "ಹುಡ್ಗಿ ಫೋಟೋಗಿಂತ ಎದುರಿಗೇ ಚೆನ್ನಾಗವ್ಳೆ ಅಲ್ವಾ" ಎಂದದ್ದು ವನಿತಾಳ ಕಿವಿಗೂ ಬಿತ್ತು.

ಆ ಮದುವೆಯಾಗಿ ಸ್ವಲ್ಪ ಕಾಲಕ್ಕೆ ಅಜ್ಜಿ ತೀರಿಕೊಂಡಳು.

ಪಾಳ್ಯದ ಮನೆ ಮಹಡಿಯ ಮೇಲೆ ಮಹಡಿಯಾಗಿ ಬೆಳೆಯಿತು. ಶಿವರಾಮ್ ಹಾರ್ಡ್‌ವೇರ್ ಅಂಗಡಿ ಇಟ್ಟರು. ಮೇಲಿನ ಮನೆಗಳಿಗೆ ಬಾಡಿಗೆಯವರು ಬಂದರು, ಹೋದರು. ವನಿತಾ ಪ್ರತಿ ಹಬ್ಬಕ್ಕೂ ಅಜ್ಜಿ ಹೇಳಿಕೊಟ್ಟ ಬಣ್ಣಗಳನ್ನೇ ಕೊಂಡಳು. ಅರಗಿನ ಕೆಂಪು, ಬದನೆಕಾಯಿ, ಕಡು ಎಲೆಹಸಿರು. ಅಗಲದ ಅಂಚು, ಗಟ್ಟಿ ರೇಷ್ಮೆ. ಬೀರು ತೆರೆದರೆ ಆ ಬಣ್ಣಗಳ ನಡುವೆ ಅಜ್ಜಿಯೇ ಕಾಲು ಚಾಚಿ ಕೂತಂತೆ ಅನ್ನಿಸುತ್ತಿತ್ತು.

ಐವತ್ತು ದಾಟಿದ ಮೇಲೆ ತಲೆಗೆ ಹಚ್ಚುವ ಡೈ ಅವಳಿಗೆ ಆಗಿಬರಲಿಲ್ಲ. ಕಿವಿಯ ಹಿಂದೆಲ್ಲ ತುರಿಕೆ ಎದ್ದು, ಡಾಕ್ಟರು ನಿಲ್ಲಿಸಿ ಎಂದರು. ನಿಲ್ಲಿಸಿದಳು. ನೋಡನೋಡುತ್ತ ತಲೆ ಬೆಳ್ಳಿಯಾಯಿತು. ಸೊಂಟವೂ ತುಂಬಿಕೊಂಡಿತ್ತು. ತವರಿನ ಒಂದು ಮದುವೆಯ ಫೋಟೋ ಮೊಬೈಲಿಗೆ ಬಂದಾಗ, ಅರಗಿನ ಕೆಂಪು ಸೀರೆಯಲ್ಲಿ ನಿಂತಿದ್ದ ಆ ದಪ್ಪಗಿನ, ಸಪ್ಪೆ ಮುಖದ ಹೆಂಗಸು ಯಾರೆಂದು ಅವಳಿಗೆ ಚಣಕಾಲ ಗುರುತೇ ಸಿಗಲಿಲ್ಲ. ಗಟ್ಟಿ ರೇಷ್ಮೆ ನಡುವಿನ ಸುತ್ತ ಸೆಟೆದು ನಿಂತಿತ್ತು. ಕಣ್ಣಿನ ಕೆಳಗಿನ ಕಪ್ಪು ಎದ್ದು ಕಾಣುತ್ತಿತ್ತು.

"ವಯಸ್ಸಾಯ್ತು ಬಿಡಿ," ಎಂದಳು ಗಂಡನಿಗೆ.

"ನಂಗೇನೂ ಹಂಗನ್ಸಲ್ಲಪ್ಪ," ಎಂದರು ಶಿವರಾಮ್, ಪೇಪರಿನಿಂದ ತಲೆ ಎತ್ತದೆ.

ಮೇಲಿನ ಮನೆಗೆ ಬಾಡಿಗೆಗೆ ಬಂದಿದ್ದವಳು ಬಾಗಲಕೋಟೆ ಕಡೆಯ ಅನ್ನಪೂರ್ಣ. ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತಿದ್ದ ಹುಡುಗಿ. ಒಂದು ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ನಿಂತು ಕೈ ಕೈ ಹಿಸುಕಿಕೊಂಡಳು.

"ಆಂಟಿ, ಒಂದ್ ಮಾತು ಕೇಳ್ಲೇನ್ರೀ? ನಮ್ಮ ತಮ್ಮ ನಿಂಗರಾಜಂದು ಮದುವಿ ಐತ್ರೀ. ಅವ್ವಗ ಒಂದು ಸೀರಿ ತಗೋಬೇಕಂತ ಮಾಡೇನಿ. ಅಕಿ ಇಳಕಲ್ ಬಿಟ್ಟು ಬ್ಯಾರೆ ಉಟ್ಟಾಕೀನ ಅಲ್ಲ. ಯಾವ ಬಣ್ಣ ತರ್ಬೇಕು ತಿಳೀವಲ್ದು. ಅವ್ವ ಥೇಟ್ ನಿಮ್ಮಂಗ ಅದಾಳ್ರೀ. ಬಣ್ಣಾನೂ ಹಿಂಗ, ಎತ್ತರಾನೂ ಇಷ್ಟ, ತಲೀನೂ ಹಿಂಗ ಬೆಳ್ಳಗ ಆಗೇತಿ. ನೀವು ಒಂದೀಟು ಬಂದು ನಿಂತ್ರ..."

ವನಿತಾ ಅವಳನ್ನೇ ನೋಡಿದಳು. ಎದೆಯಲ್ಲಿ ಎಲ್ಲೋ ಒಂದು ಹಳೆಯ ಬಸ್ಸು ಹೊರಟಂತಾಯಿತು.

"ಇರು, ಸೀರೆ ಬದಲಾಯಿಸ್ಕೊಂಡ್ ಬರ್ತೀನಿ," ಎಂದಳು.

ಮತ್ತೆ ಜಯನಗರ ನಾಲ್ಕನೇ ಬ್ಲಾಕು. ಹಾಸಿಗೆ ಇಲ್ಲ, ಎತ್ತರದ ಕೌಂಟರುಗಳು, ಎಲ್ಲೆಲ್ಲೂ ಬೆಳಕೋ ಬೆಳಕು. ಮಾರುವ ಹುಡುಗಿ ತೆಗೆದುಕೊಟ್ಟ ಕಡು ಬಣ್ಣಗಳನ್ನೆಲ್ಲ ವನಿತಾ ಅಭ್ಯಾಸಬಲದಿಂದ ಹೆಗಲಿಗೆ ಹಾಕಿಕೊಂಡಳು. ಅನ್ನಪೂರ್ಣ ಪ್ರತಿಯೊಂದಕ್ಕೂ ಮುಖ ಸಣ್ಣದು ಮಾಡಿದಳು. ಆಮೇಲೆ ತಾನೇ ಕಪಾಟಿನಿಂದ ಒಂದನ್ನು ಎಳೆದಳು. ಬೂದಿ ಬೆರೆತ ತಿಳಿನೀಲಿಯ ಮೆದು ರೇಷ್ಮೆ. ಬೆಳ್ಳಿ ಸರಿಗೆಯ ಕಿರಿದಾದ ಅಂಚು.

"ಅಯ್ಯೋ, ಇದಾಗಲ್ಲಮ್ಮ. ನಮ್ ಮೈಗೆ ತಿಳಿ ಬಣ್ಣ ಆಗಿಬರಲ್ಲ."

"ಒಮ್ಮಿ ಹಾಕ್ಕೋರಿ ಆಂಟಿ. ಹೆಗಲೇನು ಹರಿಯೂದಿಲ್ಲ."

ಹಾಕಿಕೊಂಡಳು. ಅನ್ನಪೂರ್ಣ ಮಾತಾಡಲಿಲ್ಲ. ಮಾರುವ ಹುಡುಗಿಯೂ ಮೊಬೈಲು ಕೆಳಗಿಟ್ಟಳು. ವನಿತಾಳಿಗೆ ಆ ಮೌನದ ಗುರುತಿತ್ತು. ಕನ್ನಡಿಯನ್ನು ನಂಬದೆ, ಸೀರೆ ಹೊದ್ದಿದ್ದಂತೆಯೇ ಸೀದಾ ಬಾಗಿಲ ಕಡೆಗೆ ನಡೆದಳು. ಸೆಕ್ಯುರಿಟಿಯವನು ಓಡಿ ಬಂದು ಅಡ್ಡ ನಿಂತ. "ಮೇಡಂ, ಬಿಲ್ ಆಗಿಲ್ಲ! ಮೇಡಂ!"

"ಓಡಿ ಹೋಗಲ್ಲಪ್ಪ. ಬಿಸಿಲಲ್ಲಿ ನೋಡ್ತೀನಿ ಅಷ್ಟೇ."

ಅನ್ನಪೂರ್ಣ ಅವನನ್ನು ಸಮಾಧಾನ ಮಾಡುವಷ್ಟರಲ್ಲಿ ವನಿತಾ ಬಾಗಿಲ ಗಾಜಿನಲ್ಲಿ ತನ್ನನ್ನು ಕಂಡಳು. ತಲೆಯ ಬೆಳ್ಳಿಗೂ ಅಂಚಿನ ಬೆಳ್ಳಿಗೂ ನಡುವೆ ಅವಳ ಮುಖ ಬೆಚ್ಚಗೆ, ಕೆಂಪಗೆ ಎದ್ದು ಬಂದಿತ್ತು. ಮೆದು ರೇಷ್ಮೆ ಸೊಂಟದ ಮೇಲೆ ಸೆಟೆಯದೆ ಜಾರಿ ಇಳಿದಿತ್ತು. ಕಣ್ಣಿನ ಕೆಳಗಿನ ಕಪ್ಪು ಎಲ್ಲಿ ಹೋಯಿತೋ.

ಅವಳಿಗೆ ಸಂತೋಷವಾಗಬೇಕಿತ್ತು. ಆದರೆ ಮೊದಲು ಬಂದದ್ದು ಸಂಕಟ. ಅಜ್ಜಿ ಹೇಳಿದ ಬಣ್ಣ ಬಿಟ್ಟರೆ ಅಜ್ಜಿಯ ಕೈ ಬಿಟ್ಟಂತೆ ಅನ್ನಿಸಿತು. ಅಲ್ಲೇ ನಿಂತು ಯೋಚಿಸಿದಳು. ಅಜ್ಜಿ ನೋಡಿದ್ದು ಎರಡು ಜಡೆಯ ಕಪ್ಪು ಕೂದಲಿನ ಹುಡುಗಿಯನ್ನು. ಈ ತಲೆಯನ್ನು, ಈ ಮೈಯನ್ನು ಅವಳು ಕಂಡೇ ಇರಲಿಲ್ಲ. ಕಂಡಿದ್ದರೆ ಏನನ್ನುತ್ತಿದ್ದಳು? ಬೈಯುತ್ತಿದ್ದಳೇನೋ. ಅಥವಾ ಇವಳ ರಟ್ಟೆ ಹಿಡಿದು ಇನ್ನೊಂದು ಹೆಜ್ಜೆ ಬಿಸಿಲಿಗೆ ಎಳೆಯುತ್ತಿದ್ದಳು.

"ಭಾಳ ಚಂದ ಕಾಣಾಕತ್ತೀರಿ ಆಂಟಿ," ಎಂದಳು ಅನ್ನಪೂರ್ಣ ಮೆಲ್ಲಗೆ. "ಇದನ್ನ ನೀವ ಇಟ್ಕೋರಿ. ಅವ್ವಗ ಬ್ಯಾರೆ ನೋಡೂಣು."

"ಛೆ ಛೆ. ಇದು ನಿಮ್ಮಮ್ಮಂಗೆ ಅಂತ ಹಾಕಿದ್ದು. ಅವ್ರದೇ," ಎಂದು ವನಿತಾ ಸೀರೆಯನ್ನು ಹೆಗಲಿನಿಂದ ಇಳಿಸಿ ಅವಳ ಕೈಗಿಟ್ಟಳು. ಈ ಸಲ ಕೊಡುವಾಗ ಕೈ ಬಿಗಿಯಲಿಲ್ಲ.

ಮುಂದಿನ ವಾರ ಒಬ್ಬಳೇ ಹೋದಳು. ಗಂಡನಿಗೂ ಹೇಳಲಿಲ್ಲ. ಯಾರದೋ ಮದುವೆಯಿಲ್ಲದೆ, ಹಬ್ಬವಿಲ್ಲದೆ, ಜೊತೆಗೆ ಯಾರೂ ಇಲ್ಲದೆ ಸೀರೆ ಅಂಗಡಿಗೆ ಕಾಲಿಟ್ಟದ್ದು ಅದೇ ಮೊದಲು. "ಯಾರಿಗೆ ಮೇಡಂ?" ಎಂದು ಮಾರುವವಳು ಕೇಳಿದಾಗ, "ನಂಗೇ" ಎನ್ನಲು ನಾಲಿಗೆ ತಡವರಿಸಿತು. ಬಹಳ ಹೊತ್ತು ತೆಗೆದುಕೊಂಡಳು. ಕೊನೆಗೆ ಆರಿಸಿದ್ದು ತಿಳಿ ನೇರಳೆ, ಬೇಸಿಗೆಯ ಬೆಳಿಗ್ಗೆ ಜಯನಗರದ ರಸ್ತೆಗಳ ತುಂಬ ಉದುರಿರುತ್ತದಲ್ಲ, ಆ ಹೊಂಗೆ ಹೂವಿನ ಬಣ್ಣ. ರವಿಕೆಗೆ ಕಡು ನೇರಳೆ.

ಅದನ್ನುಟ್ಟು ತವರಿನ ಒಂದು ನಾಮಕರಣಕ್ಕೆ ಹೋದಳು. ಹಳಬರೊಬ್ಬರು "ಏನವ್ವಾ, ತಿಳಿ ಬಣ್ಣ ಉಟ್ಟಿದೀಯ?" ಎಂದು ಹುಬ್ಬೇರಿಸಿದರು. ಆ ಮನೆಯ ಸೊಸೆಯಂದಿರು ಸುತ್ತುಗಟ್ಟಿ ಎಲ್ಲಿ ತಗೊಂಡ್ರಿ ಎಂದು ಕೇಳಿದರು. ಎರಡೂ ಮಾತು ವನಿತಾಳಿಗೆ ಹಿತವಾಗಿಯೇ ಕೇಳಿಸಿದವು.

ನಿಂಗರಾಜನ ಮದುವೆಯ ದಿನ ಅನ್ನಪೂರ್ಣ ಊರಿನಿಂದ ವಿಡಿಯೋ ಕಾಲ್ ಮಾಡಿದಳು. ಪರದೆಯ ತುಂಬ ತಿಳಿನೀಲಿ ಸೀರೆಯುಟ್ಟ ಅವಳ ತಾಯಿ ತಂಗೆವ್ವ. ಎಣ್ಣೆಗೆಂಪು ಮುಖ, ಬೆಳ್ಳಿ ತಲೆ, ಹಣೆಯಲ್ಲಿ ದೊಡ್ಡ ಕುಂಕುಮ. ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಯವ್ವಾ! ಇಕಿ ಥೇಟ್ ನಾನ ಅದಾಳಲ್ಲ!" ಎಂದಳು ತಂಗೆವ್ವ ಮಗಳ ಕಡೆ ತಿರುಗಿ. ಆಮೇಲೆ ಪರದೆಗೆ ಮುಖ ಹತ್ತಿರ ತಂದು, "ಅಕ್ಕಾರ, ಮಂದಿ ಎಲ್ಲಾ ಭಾಳ ಚಂದ ಐತಿ ಅನ್ನಾಕತ್ತಾರ. ನನಗ ನಾಚಿಕಿ ಬರ್ತೈತಿ" ಎಂದಳು.

"ನಾಚ್ಕೊಳ್ಳೋದೇನೂ ಬೇಡ, ಸೆರಗು ಸ್ವಲ್ಪ ಮುಂದಕ್ಕೆ ತಗೊಳ್ಳಿ," ಎಂದಳು ವನಿತಾ. "ಹಾಂ, ಹಂಗೇ. ಈಗ ಬಾಗಿಲ ಹತ್ರ ಬಂದು ನಿಂತ್ಕೊಳ್ಳಿ, ಸರಿಯಾಗಿ ನೋಡ್ತೀನಿ."

ಫೋನು ಅಲುಗಾಡಿತು. ತಂಗೆವ್ವ ನಗುತ್ತ, ಜನರನ್ನು ಸರಿಸಿಕೊಂಡು ಚಪ್ಪರದ ಹೊರಗಿನ ಬಿಸಿಲಿಗೆ ನಡೆದಳು.